ನಮ್ಮ ಕಾಲದಲ್ಲಿ ಮನುಷ್ಯರು ಮಂಗಳ ಗ್ರಹದಲ್ಲಿ ನೆಲೆಸುತ್ತಾರಾ?
ಹೋಗಿ ಬರಬಹುದು. ಊರು ಕಟ್ಟಿ ಉಳಿಯುವುದು ಮಾತ್ರ ಸದ್ಯಕ್ಕೆ ಕಷ್ಟ.

ದೊಡ್ಡ ತೊಡಕು ಇರುವುದು ಸಹಾಯ ತಲುಪಿಸುವುದರಲ್ಲಿ. ಭೂಮಿ ಸೂರ್ಯನನ್ನು ಸುತ್ತಲು 365 ದಿನ, ಮಂಗಳಕ್ಕೆ 687 ದಿನ. ಹಾಗಾಗಿ ಎರಡೂ ಗ್ರಹಗಳು ಪಯಣಕ್ಕೆ ತಕ್ಕ ಜಾಗದಲ್ಲಿ ಇದ್ದು, ಕಡಿಮೆ ಇಂಧನದಲ್ಲಿ ಹೊರಡುವ ಅವಕಾಶ ಸುಮಾರು 26 ತಿಂಗಳಿಗೊಮ್ಮೆ ಬರುತ್ತದೆ. ದಾರಿಗೆ ಮತ್ತೆ ಏಳೆಂಟು ತಿಂಗಳು. ನಮ್ಮ ಕಾರವಾರದ ಬೋಟು ಸಮುದ್ರದಲ್ಲಿ ಕೆಟ್ಟು ನಿಂತರೆ ಇನ್ನೊಂದು ಬೋಟು ಹಗ್ಗ ಕಟ್ಟಿ ಎಳೆದು ತರುತ್ತದೆ, ಅಲ್ವಾ? ಅಲ್ಲಿ ಆ ಇನ್ನೊಂದು ಬೋಟೇ ಇಲ್ಲ. ಉಸಿರಾಡುವ ಗಾಳಿಯನ್ನೂ ಅಲ್ಲೇ ಮಾಡಿಕೊಳ್ಳಬೇಕು.

ಅದು ಸಾಧ್ಯ ಅಂತ ನಾಸಾದ ಮಾಕ್ಸಿ ಯಂತ್ರ ಮಂಗಳದಲ್ಲೇ ತೋರಿಸಿದೆ. ಆದರೆ 2021ರಿಂದ 2023ರವರೆಗೆ ಅದು ತಯಾರಿಸಿದ ಆಮ್ಲಜನಕ ಒಟ್ಟು 122 ಗ್ರಾಂ. ಒಬ್ಬರಿಗೆ ದಿನಕ್ಕೇ ಸುಮಾರು 800 ಗ್ರಾಂ ಬೇಕು. ಚಂದ್ರ ಮೂರು ದಿನದ ದಾರಿ. ಮೊದಲು ಅಲ್ಲಿ ಇದ್ದು ಕಲಿಯುವುದೇ ವಾಸಿ.