ಟಿಫನ್ ಕ್ಯಾರಿಯರ್ ಮತ್ತು ಅದರ ಬೆನ್ನಿಗೆ ಬಂದ ಮೂರು ವಾಕ್ಯ

ಪ್ರಿಯ ಮಿತ್ರರೇ,

ನಿಮ್ಮ ಕಾದಂಬರಿಯ ಹಸ್ತಪ್ರತಿ ಓದಿ ಮುಗಿಸಿದೆ. ಕೆಜಿಎಫ್‌ನ ಗಣಿ ಕಾರ್ಮಿಕರ ಸಾಲುಮನೆ, 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿ ಕೆಲಸ ಕಳಕೊಂಡ ಅಪ್ಪ, ಹನ್ನೊಂದು ವರ್ಷದ ಮಗ. ವಸ್ತು ಗಟ್ಟಿಯಾಗಿದೆ, ಭಾಷೆ ಸಲೀಸಾಗಿದೆ. ಆದರೆ ನಾಲ್ಕನೇ ಅಧ್ಯಾಯ ಓದಿದ ಮೇಲೆ ಎರಡು ದಿನ ನನ್ನ ಸಿಟ್ಟು ಇಳಿಯಲಿಲ್ಲ.

ಅಲ್ಲಿ ಹೀಗೊಂದು ವಾಕ್ಯವಿದೆ: "ಕೆಲಸ ಹೋಗಿ ತಿಂಗಳಾದರೂ ಅಪ್ಪ ನಸುಕಿನಲ್ಲೇ ಎದ್ದು ಟಿಫನ್ ಕ್ಯಾರಿಯರ್ ತೊಳೆದು ಬೋರಲು ಹಾಕುತ್ತಿದ್ದ." ಓದಿ ಹಾಳೆ ಕೆಳಗಿಟ್ಟು ಸುಮ್ಮನೆ ಕೂತೆ. ಇಂಥದ್ದನ್ನು ಬರೆಯಬಲ್ಲ ನೀವು ಅದರ ಬೆನ್ನಿಗೇ ಇನ್ನೂ ಮೂರು ವಾಕ್ಯ ಯಾಕೆ ಬರೆದಿರಿ?

"ಅವನ ಎಳೆಯ ಮನಸ್ಸಿನಲ್ಲಿ ವಿಷಾದದ ಕಾರ್ಮೋಡ ಕವಿಯಿತು." ಹನ್ನೊಂದರ ಹುಡುಗನಿಗೆ ವಿಷಾದ ಗೊತ್ತಿಲ್ಲ. ಕ್ಯಾರಿಯರ್‌ನಿಂದ ನೀರು ಇಳಿದು ನೆಲದ ಮೇಲೆ ಮೂಡಿದ ದುಂಡು ಗುರುತು ಗೊತ್ತು. ಅದನ್ನು ತುಳಿದರೆ ಅಪ್ಪ ಬೈಯುತ್ತಾನೆ ಅನ್ನೋದು ಗೊತ್ತು.

"ಬಡತನವೆಂಬ ಪೆಡಂಭೂತ ಮನೆಯನ್ನು ನುಂಗತೊಡಗಿತ್ತು." ಈ ಪೆಡಂಭೂತವನ್ನು ನಾನು ಎಷ್ಟೋ ಕಥೆಗಳಲ್ಲಿ ನೋಡಿದ್ದೇನೆ. ಉದ್ರಿ ಪುಸ್ತಕ ಹಿಡಿದು ಅಂಗಡಿ ಮುಂದೆ ನಿಂತ ನಿಮ್ಮ ಹುಡುಗನನ್ನು ಮಾತ್ರ ಇನ್ನೂ ನೋಡಿಲ್ಲ.

"ಅಪ್ಪನ ಅಸಹಾಯಕತೆ ಅವನಿಗೆ ಅಂದೇ ಅರ್ಥವಾಯಿತು." ನನಗೆ ತೀರಾ ನೋವಾದದ್ದು ಇಲ್ಲೇ. ಅಂದೇ ಅರ್ಥವಾದರೆ ಮುಂದಿನ ಇನ್ನೂರು ಪುಟ ಯಾತಕ್ಕೆ? ಅಪ್ಪನನ್ನು ತಪ್ಪು ತಿಳಿದು, ದ್ವೇಷಿಸಿ, ತಾನೂ ಅವನ ವಯಸ್ಸಿಗೆ ಬಂದಾಗ ಯಾವತ್ತೋ ಹೊಳೆಯಬೇಕಾದ ಮಾತು ಅದು. ಹುಡುಗ ಬೆಳೆಯುವುದಕ್ಕೆ ನೀವು ಜಾಗವನ್ನೇ ಬಿಟ್ಟಿಲ್ಲ.

ಐದನೇ ಅಧ್ಯಾಯದಿಂದಾಚೆ ಅಪ್ಪ ಬರೀ ಕುಡುಕ. ಕುಡಿದು ಬಂದ, ಹೊಡೆದ, ಮಲಗಿದ. ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದವನು ಅವನು. ಒಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದ ಊರು ಅದು. ಸ್ಟ್ಯಾಂಡಿನ ಪಾತ್ರೆಗಳು ಗಲಗಲ ಅಂದಾಗ ಅಪ್ಪ ಪಾಳಿಯಲ್ಲಿದ್ದಾನೆ ಎಂದು ಗೊತ್ತಿರುವ ಮಗ ಅಮ್ಮನ ಮುಖ ನೋಡಿರಲೇಬೇಕಲ್ಲ? ಅಂಥ ಒಂದು ರಾತ್ರಿಯೂ ನಿಮ್ಮ ಪುಸ್ತಕದಲ್ಲಿಲ್ಲ. ಗಣಿ ಮುಚ್ಚಿದ ಮೇಲೆ ಎಷ್ಟೋ ಜನ ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ ದಿನಾ ಬೆಂಗಳೂರಿಗೆ ಕೂಲಿಗೆ ಬಂದರು. ನಿಮ್ಮ ಅಪ್ಪ ಒಂದು ದಿನವೂ ಆ ರೈಲು ಹತ್ತಲಿಲ್ಲವೇ? ಹತ್ತದಿದ್ದರೆ ಯಾಕೆ?

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಮನೆ ಬಿಟ್ಟು ಹೋದ ನನ್ನ ತಂದೆಯ ಮೇಲೊಂದು ಕಥೆ ಬರೆದು ಕೊಟ್ಟಿದ್ದೆ. ಮಧ್ಯಾಹ್ನ ಕಂಪೋಸಿಂಗ್ ಮಾಡುವ ಹಿರಿಯರು ಮಸಿಗೈಯಲ್ಲೇ ಬಂದು, "ಸ್ವಾಮಿ, 'ಖ' ಮೊಳೆ ಮುಗೀತು. ಪ್ರತಿ ಪ್ಯಾರಾದಲ್ಲೂ ದುಃಖ ಇದೆ. ಏನ್ ಮಾಡ್ಲಿ?" ಅಂದರು. ಅವರು ಟೀಕೆ ಮಾಡಲು ಬಂದವರಲ್ಲ, ನಿಜಕ್ಕೂ ಮೊಳೆ ಮುಗಿದಿತ್ತು. ಅಲ್ಲೇ ನಿಂತು ಒಂದೊಂದೇ ದುಃಖ ಹೊಡೆದು ಹಾಕಿದೆ. ಕೊನೆಗೆ ಉಳಿದದ್ದು ಬಾಗಿಲ ಬಳಿ ತಂದೆ ಬಿಟ್ಟುಹೋದ ಹಳೇ ಚಪ್ಪಲಿ, ಅದನ್ನು ಕಸದ ಜೊತೆ ಗುಡಿಸದೆ ಸುತ್ತಲೂ ಗುಡಿಸುವ ನನ್ನ ತಾಯಿ. ಅಷ್ಟೇ ಅಚ್ಚಾಯಿತು.

ನಾಲ್ಕನೇ ಅಧ್ಯಾಯವೊಂದನ್ನೇ ಮತ್ತೆ ಬರೆದು ಕಳಿಸಿ. ಅಪ್ಪ ತೊಳೆದು ಬೋರಲು ಹಾಕಿದ ಆ ಕ್ಯಾರಿಯರನ್ನು ಬೆಳಕು ಹರಿದ ಮೇಲೆ ಅಮ್ಮ ಏನು ಮಾಡುತ್ತಿದ್ದಳು? ಅಲ್ಲಿಂದ ಶುರು ಮಾಡಿ.