ಗೋವಹ್: ಎತ್ತರವೋ ಸೊಕ್ಕೋ?

ಹೀಬ್ರೂವಿನ ‘ಗೋವಹ್’ ಪದಕ್ಕೆ ನಿಘಂಟು ‘ಎತ್ತರ’ ಅಂತಲೂ ಕೊಡುತ್ತೆ, ‘ಗರ್ವ’ ಅಂತಲೂ ಕೊಡುತ್ತೆ, ಯಾವುದನ್ನ ಬಾಯಿಪಾಠ ಮಾಡ್ಲಿ ಅಂತ ಕೇಳಿದ್ದೀರಿ. ‘ಎತ್ತರ’ ಒಂದನ್ನೇ ಮಾಡಿ. ಗರ್ವ ಪಕ್ಕದ ಪದದಿಂದ ಬರುತ್ತೆ.

ಬೈಬಲಿನ 1 ಸಮುವೇಲ 17:4 ತೆಗೀರಿ. ದೈತ್ಯ ಯೋಧ ಗೊಲ್ಯಾತನ ‘ಗೋವಹ್’ ಆರು ಮೊಳ ಒಂದು ಗೇಣು. ಬರೀ ಅಳತೆ, ಬೈಗುಳ ಅಲ್ಲ. ಅದೇ ಪದಕ್ಕೆ ‘ರೂಅಹ್’ (ಉಸಿರು, ಮನಸ್ಸು) ಅಂಟಿಕೊಂಡರೆ, ಜ್ಞಾನೋಕ್ತಿ 16:18ರ ಹಾಗೆ, ಸೊಕ್ಕು ಆಗುತ್ತೆ. ಅದರ ಬೆನ್ನಿಗೇ ಮುಗ್ಗರಿಸೋದು. ನಾವೂ ‘ಸೊಕ್ಕು ನೆತ್ತಿಗೇರಿದೆ’ ಅಂತೀವಲ್ಲ? ‘ಔದ್ಧತ್ಯ’ದ ಒಳಗಿರೋ ಸಂಸ್ಕೃತದ ‘ಉದ್ಧತ’ ಅಂದ್ರೂ ಮೇಲೆತ್ತಿದ್ದು ಅಂತಲೇ.

ಪಕ್ಕದಲ್ಲಿ ಹೃದಯ (‘ಲೇವ್’) ಬಂದಾಗ ಮಾತ್ರ ಸ್ವಲ್ಪ ನಿಧಾನಿಸಿ, ನಾನು ಎಡವಿದ್ದು ಅಲ್ಲೇ. ಕೀರ್ತನೆ 131ರ ಮೊದಲ ಸಾಲು ‘ಲೋ ಗಾವಹ್ ಲಿಬ್ಬಿ’ (‘ಗಾವಹ್’ ನಮ್ಮ ಪದದ ಕ್ರಿಯಾರೂಪ), ನನ್ನ ಹೃದಯ ಎತ್ತರಕ್ಕೇರಿಲ್ಲ. ಅಂದ್ರೆ ನಂಗೆ ಗರ್ವ ಇಲ್ಲ. 2 ಪೂರ್ವಕಾಲವೃತ್ತಾಂತ 26:16ರಲ್ಲಿ ರಾಜ ಉಜ್ಜೀಯನ ಹೃದಯ ಹೀಗೇ ಏರುತ್ತೆ. ಧೂಪ ಹಾಕೋಕೆ ತಾನೇ ದೇವಾಲಯಕ್ಕೆ ನುಗ್ತಾನೆ, ಹಣೆ ಮೇಲೆ ಕುಷ್ಠ ಕಾಣಿಸಿಕೊಳ್ಳುತ್ತೆ. ಇದನ್ನೆಲ್ಲ ಓದಿದ ಮೇಲೆ ‘ಹೃದಯ ಬಂದ್ರೆ ಗರ್ವ’ ಅಂತ ಕಾರ್ಡಿನಲ್ಲಿ ಬರ್ಕೊಂಡಿದ್ದೆ. ಆಮೇಲೆ ಅದೇ ಪುಸ್ತಕದ 17:6 ಕಣ್ಣಿಗೆ ಬಿತ್ತು. ಅಲ್ಲಿ ರಾಜ ಯೆಹೋಷಾಫಾಟನ ಹೃದಯವೂ ಏರುತ್ತೆ, ಆದ್ರೆ ‘ದೇವರ ದಾರಿಗಳಲ್ಲಿ’. ಅದು ಹೊಗಳಿಕೆ: ಧೈರ್ಯ, ಹುರುಪು. ಏರಿದ ಹೃದಯದಿಂದ ಅವನು ಮಾಡಿದ ಕೆಲಸ ನಾಡಿನ ಎತ್ತರದ ಪೂಜಾಸ್ಥಳಗಳನ್ನ ಕಿತ್ತುಹಾಕಿದ್ದು! (ಆ ಸ್ಥಳಗಳ ಹೆಸರು ‘ಬಾಮೋತ್’, ಬೇರೆ ಪದ.) ಹಾಗಾಗಿ ಹೃದಯ ಏರಿತು ಅನ್ನೋದಷ್ಟೇ ಸಾಲದು, ಯಾವುದರಲ್ಲಿ ಏರಿತು ಅಂತಲೂ ನೋಡಬೇಕು.

ಈಗಿನ ಹೀಬ್ರೂವಿನಲ್ಲಿ ಗೋವಹ್ ಅಂದ್ರೆ ಆಳಿನ, ಮರದ, ಕಟ್ಟಡದ ಎತ್ತರ. ಹೆಮ್ಮೆಗೆ ‘ಗಅವಾ’ ಅಂತಾರೆ. ಕಿವಿಗೆ ಹತ್ತಿರ ಅಂತ ಎರಡನ್ನೂ ಕಲಸಬೇಡಿ. ‘ಗಅವಾ’ದ ಧಾತು ಗಿಮೆಲ್-ಆಲೆಫ್-ಹೇ ಅನ್ನೋ ಮೂರು ಹೀಬ್ರೂ ಅಕ್ಷರಗಳು. ಅದರಲ್ಲೂ ಮೇಲೇಳೋದೇ ಇದೆ. ಯೋಬ 8:11ರಲ್ಲಿ ಕೆಸರಿಲ್ಲದೆ ಜೊಂಡು ಬೆಳೆದೀತೇ ಅಂತ ಕೇಳೋದು ಇದೇ ಧಾತುವಿನಿಂದ. ಇವತ್ತು ಸಮುದ್ರದ ಉಬ್ಬರಕ್ಕೆ ‘ಗೇಉತ್’ ಅನ್ನೋದೂ ಅದರಿಂದಲೇ.

ಬರೆಯುವಾಗ ಒಂದು ಎಚ್ಚರ. ನಮ್ಮ ಪದದ ಕೊನೆಯ ‘ಹೇ’ಯೊಳಗೆ ಚುಕ್ಕಿ ಇರಬೇಕು, ಮಪ್ಪೀಕ್ ಅಂತಾರೆ, ಆ ‘ಹ್’ ಉಚ್ಚರಿಸೋ ಅಕ್ಷರ ಅನ್ನೋದಕ್ಕೆ ಗುರುತು. ಕ್ರಿಯಾರೂಪ ‘ಗಾವಹ್’ನಲ್ಲಿ ಚುಕ್ಕಿ ಬಿಟ್ಟು ‘ಗಾವಾ’ ಅಂತ ಬರೆದ್ರೆ ಈಗಿನ ಭಾಷೆಯಲ್ಲಿ ‘ಹಣ ವಸೂಲು ಮಾಡಿದ’ ಅಂತಾಗುತ್ತೆ.

ಅಭ್ಯಾಸಕ್ಕೆ ಯೆಹೆಜ್ಕೇಲ 31 ಓದಿ, ಲೆಬನೋನಿನ ದೇವದಾರು ಮರದ ಅಧ್ಯಾಯ. 10ನೇ ವಚನದಲ್ಲಿ ಮೊದಲು ಮರ ಎತ್ತರ ಬೆಳೆಯುತ್ತೆ, ಕೊನೆಗೆ ಅದರ ಹೃದಯ ‘ಬೆಗೋವ್ಹೊ’ (ತನ್ನ ‘ಗೋವಹ್’ನಲ್ಲಿ) ಮೇಲೇರುತ್ತೆ. ಆ ಕೊನೆಯ ಪದಕ್ಕೆ ಎತ್ತರ ಅಂತ ಹಾಕ್ತೀರೋ ಸೊಕ್ಕು ಅಂತ ಹಾಕ್ತೀರೋ, ಇಲ್ಲೇ ಕೆಳಗೆ ಬರೀರಿ.