ಬಿಸಿನೀರಿನಿಂದ ಕರೆಂಟ್ ತೆಗೆಯುವ ಪಾಲಿಮರ್ ನಿಜವಾಗಲೂ ಕೆಲಸಕ್ಕೆ ಬರುತ್ತಾ?

ಬಟ್ಟೆಗೆ ಬಣ್ಣ ಹಾಕುವ ನಿಮ್ಮ ಘಟಕದಿಂದ 60 ಡಿಗ್ರಿ ಬಿಸಿನೀರು ಸುಮ್ನೆ ಚರಂಡಿಗೆ ಹೋಗುತ್ತಿದೆ, ರೆಡಾಕ್ಸ್ ಪಾಲಿಮರ್ (ಎಲೆಕ್ಟ್ರಾನ್ ಕೊಟ್ಟು ಪಡೆಯಬಲ್ಲ ಉದ್ದ ಸರಪಳಿಯಂಥ ಅಣು) ಬಳಸಿ ಅದರಿಂದ ಕರೆಂಟ್ ತೆಗೆಯಬಹುದಾ ಅಂತ ಕೇಳಿದ್ದೀರಿ. ಲ್ಯಾಬಿನಲ್ಲಿ ಆಗುತ್ತದೆ. ನಿಮ್ಮಲ್ಲಿ ಸದ್ಯಕ್ಕೆ ಬೇಡ.

ಮೊದಲು ಬಿಸಿಯ ವ್ಯತ್ಯಾಸದಿಂದ ಕರೆಂಟ್ ತೆಗೆಯುವ ಥರ್ಮೋಸೆಲ್ ನೋಡೋಣ. ಒಂದೇ ದ್ರಾವಣದಲ್ಲಿ ಎರಡು ಎಲೆಕ್ಟ್ರೋಡ್, ಒಂದು ಬಿಸಿ, ಇನ್ನೊಂದು ತಣ್ಣಗೆ. ಒಂದು ಕಡೆ ಎಲೆಕ್ಟ್ರಾನ್ ಬಿಟ್ಟ ಅಯಾನು ಇನ್ನೊಂದು ಕಡೆ ಹೋಗಿ ವಾಪಸ್ ಪಡೆಯುತ್ತದೆ. ಇದಕ್ಕೆ ಬಳಸುವ ಹಳೆಯ ಫೆರೋಸೈನೈಡ್-ಫೆರಿಸೈನೈಡ್ ಎಂಬ ಕಬ್ಬಿಣದ ಅಯಾನುಗಳ ಜೋಡಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1.4 ಮಿಲಿವೋಲ್ಟ್ ಕೊಡುತ್ತದೆ. 30 ಡಿಗ್ರಿ ವ್ಯತ್ಯಾಸವಿದ್ದರೆ 42 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್‌ನಷ್ಟು ವೋಲ್ಟೇಜ್ ಬೇಕೆಂದರೆ ಇಂಥ 36 ಸೆಲ್ ಸಾಲಾಗಿ ಜೋಡಿಸಬೇಕು!

ಈ ವೋಲ್ಟೇಜ್ ಜಾಸ್ತಿ ಮಾಡಲಿಕ್ಕೇ ಪಾಲಿಮರ್. ಪಿನಿಪಾಮ್ ಅನ್ನುವ ಪಾಲಿಮರ್ ತಣ್ಣೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಸುಮಾರು 32 ಡಿಗ್ರಿ ದಾಟಿತೋ, ತಿಳಿಯಾಗಿದ್ದ ದ್ರಾವಣ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ತಣ್ಣಗಾದರೆ ಮತ್ತೆ ತಿಳಿ. ಪಾಲಿಮರಿನ ಸರಪಳಿ ತಾನು ಹಿಡಿದುಕೊಂಡಿದ್ದ ನೀರನ್ನು ಬಿಟ್ಟು ಮುದುಡಿಕೊಳ್ಳುವುದರಿಂದ ಹೀಗಾಗುತ್ತದೆ. ಈ ಸರಪಳಿಗೆ ವಯೋಲೊಜೆನ್ ಎಂಬ ರೆಡಾಕ್ಸ್ ಗುಂಪು ಸೇರಿಸಿದರೆ ಮಜಾ ಇರುವುದು. ಎಲೆಕ್ಟ್ರಾನ್ ಸಿಕ್ಕಿದರೆ ವಯೋಲೊಜೆನ್‌ನ ಚಾರ್ಜ್ ಕಡಿಮೆಯಾಗುತ್ತದೆ, ನೀರಿನ ಮೇಲಿನ ಒಲವೂ ಕಡಿಮೆಯಾಗುತ್ತದೆ, ಸರಪಳಿ ಬೇಗ ಮುದುಡುತ್ತದೆ. ಅಂದರೆ ಒಂದು ಎಲೆಕ್ಟ್ರಾನಿನ ಹಿಂದೆ ಎಷ್ಟೋ ನೀರಿನ ಅಣುಗಳು ಬಿಡುಗಡೆಯಾಗುತ್ತವೆ. ಎಂಟ್ರೊಪಿಯ (ಅಣುಗಳ ಅಸ್ತವ್ಯಸ್ತತೆಯ ಅಳತೆ) ಈ ದೊಡ್ಡ ಬದಲಾವಣೆಯೇ ವೋಲ್ಟೇಜ್ ಆಗಿ ಕಾಣಿಸುತ್ತದೆ.

ತೊಂದರೆಗಳೂ ಅಲ್ಲೇ ಇವೆ. ಉದ್ದ ಸರಪಳಿ ನಿಧಾನವಾಗಿ ಚಲಿಸುತ್ತದೆ, ಹಾಗಾಗಿ ಕರೆಂಟ್ ಕಡಿಮೆ. ಮುದುಡಿದ್ದು ಎಲೆಕ್ಟ್ರೋಡಿಗೆ ಅಂಟಬಹುದು. ಎಲೆಕ್ಟ್ರಾನ್ ಪಡೆದ ವಯೋಲೊಜೆನ್‌ಗೆ ಗಾಳಿ ತಾಗಿದರೆ ಅದರ ನೀಲಿ ಬಣ್ಣ ಬೇಗ ಮಾಯವಾಗುತ್ತದೆ, ಆಮ್ಲಜನಕ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ಎಲೆಕ್ಟ್ರೋಡ್‌ಗಳನ್ನು ಹತ್ತಿರ ಇಟ್ಟರೆ ಬಿಸಿ ಸೋರಿ ಎರಡೂ ಕಡೆ ಒಂದೇ ಆಗುತ್ತದೆ. ದೂರ ಇಟ್ಟರೆ ರೆಸಿಸ್ಟೆನ್ಸ್ ಏರುತ್ತದೆ.

ಮೇಲಾಗಿ ಬಿಸಿಯಲ್ಲಿ ಎಷ್ಟು ಪಾಲನ್ನು ಹೆಚ್ಚೆಂದರೆ ಕರೆಂಟ್ ಮಾಡಬಹುದು ಎಂದು ಹೇಳುವ ಕಾರ್ನೋ ಲೆಕ್ಕವನ್ನು ಯಾವ ರಸಾಯನವೂ ದಾಟುವುದಿಲ್ಲ. 60 ಮತ್ತು 30 ಡಿಗ್ರಿ ನಡುವೆ ಗರಿಷ್ಠ ದಕ್ಷತೆ 9%. 2020ರಲ್ಲಿ ಚೀನಾದ ಸಂಶೋಧಕರು ಫೆರೋಸೈನೈಡ್ ದ್ರಾವಣಕ್ಕೆ ಗ್ವಾನಿಡಿನಿಯಂ ಎಂಬ ಅಯಾನು ಬೆರೆಸಿ ಈ ಕಾರ್ನೋ ಮಿತಿಯ ಸುಮಾರು 11% ತಲುಪಿದ್ದೇ ದೊಡ್ಡ ಸುದ್ದಿ. ಅದೇ ಲೆಕ್ಕ ನಿಮ್ಮ ನೀರಿಗೆ ಹಾಕಿದರೆ ನೂರು ಯೂನಿಟ್ ಬಿಸಿಗೆ ಒಂದು ಯೂನಿಟ್ ಕರೆಂಟ್.

ಅದರ ಬದಲು ಹೀಟ್ ಎಕ್ಸ್‌ಚೇಂಜರ್ ಹಾಕಿಸಿ, ಆ ಬಿಸಿಯನ್ನು ಬಾಯ್ಲರ್‌ಗೆ ಹೋಗುವ ನೀರಿಗೆ ಕೊಡಿ. ಸೌದೆ ಖರ್ಚು ನೇರವಾಗಿ ಇಳಿಯುತ್ತದೆ, ಅಲ್ವಾ? ನೂಲಿನ ಚೂರು ಕಟ್ಟಿಕೊಳ್ಳದ ಹಾಗೆ ಮುಂದೆ ಒಂದು ಜಾಲರಿ ಮಾತ್ರ ಮರೆಯಬೇಡಿ.